ರಸಾಯನ, ಕೆಮಿಕಲ್, ಕೆಮಿಸ್ಟ್ರಿ: ಹತ್ತನೇ ತರಗತಿಯ ಒಂದು ಪೀಠಿಕೆ ಪಾಠ

ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನಾಭ್ಯಾಸ ನಡೆಯುತ್ತಿತ್ತು. ಹತ್ತನೇ ತರಗತಿ ‘ಎ’ ವಿಭಾಗ, ಎರಡನೇ ಅವಧಿ. ಘಟಕ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದವರು, ವಿಷಯದಲ್ಲಿ ಗಟ್ಟಿ. ಪಾಠ ಯೋಜನೆಯೂ ಅಚ್ಚುಕಟ್ಟಾಗಿತ್ತು. ಪೂರ್ವಜ್ಞಾನ ಪರೀಕ್ಷಿಸುವ ಮೊದಲ ಪ್ರಶ್ನೆ: “ರಸಾಯನ ಅಂದರೇನು?” ಪಕ್ಕದ ಅಂಕಣದಲ್ಲಿ ನಿರೀಕ್ಷಿತ ಉತ್ತರವನ್ನೂ ಬರೆದಿದ್ದರು: ವಸ್ತುಗಳ ರಚನೆ, ಗುಣ ಮತ್ತು ಬದಲಾವಣೆಗಳನ್ನು ತಿಳಿಸುವ ಶಾಸ್ತ್ರ.

ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿ ಎದ್ದು ನಿಂತಳು. “ಬಾಳೆಹಣ್ಣು, ಬೆಲ್ಲ, ಕಾಯಿಹಾಲು ಹಾಕಿ ಮಾಡ್ತಾರಲ್ಲ, ಅದು ಸಾರ್.” ಇಡೀ ತರಗತಿ ಗೊಳ್ಳೆಂದು ನಕ್ಕಿತು. “ಅದಲ್ಲಮ್ಮ, ಕೂತ್ಕೊ” ಎಂದರು ಪ್ರಶಿಕ್ಷಣಾರ್ಥಿ. ಇನ್ನೊಬ್ಬ ಹುಡುಗ “ಗದ್ದೆಗೆ ಹಾಕೋ ಕೆಮಿಕಲ್ ಸಾರ್” ಎಂದ. “ಹತ್ತಿರ ಬಂದೆ, ಇನ್ನೂ ಯಾರಾದ್ರೂ?” ಹಿಂದಿನ ಬೆಂಚಿನಿಂದ ಒಂದು ಪಿಸುಮಾತು, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ: “ಹೀರೋ ಹೀರೋಯಿನ್ ಕೆಮಿಸ್ಟ್ರಿ.” ಮತ್ತೆ ನಗು. ಪ್ರಶಿಕ್ಷಣಾರ್ಥಿ ಡಸ್ಟರಿನಿಂದ ಮೇಜು ತಟ್ಟಿ, ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ತಾವೇ ಬರೆದು ಮುಂದೆ ಸಾಗಿದರು.

ನಾನು ವೀಕ್ಷಣಾ ಹಾಳೆಯಲ್ಲಿ ‘ತರಗತಿ ನಿರ್ವಹಣೆ: ಉತ್ತಮ’ ಎಂದು ಗುರುತು ಹಾಕಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಆ ಗುರುತು ಚುಚ್ಚತೊಡಗಿತು. ಆ ಮೂರು ಉತ್ತರಗಳಲ್ಲಿ ಒಂದೂ ತಪ್ಪಲ್ಲ. ಕೇಳಿದ್ದು ‘ರಸಾಯನ’, ಬೇಕಿದ್ದದ್ದು ‘ರಸಾಯನಶಾಸ್ತ್ರ’. ತಪ್ಪು ಪ್ರಶ್ನೆಯದು. ನಕ್ಕದ್ದು ಮಾತ್ರ ಉತ್ತರ ಕೊಟ್ಟವಳನ್ನು ನೋಡಿ. ಆ ಹುಡುಗಿ ಉಳಿದ ಅವಧಿಯಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ. ಅದನ್ನು ನಾನು ಕಂಡಿದ್ದೆ, ಆದರೆ ಬರೆದುಕೊಂಡಿರಲಿಲ್ಲ. ನಮ್ಮ ವೀಕ್ಷಣಾ ಹಾಳೆಯಲ್ಲಿ ಅದಕ್ಕೆ ಅಂಕಣವೇ ಇಲ್ಲ.

ಮರುದಿನದ ವಿಮರ್ಶಾ ಸಭೆಯಲ್ಲಿ ಮೊದಲು ನನ್ನ ಗುರುತನ್ನು ಅಳಿಸಿದ್ದನ್ನು ಹೇಳಿ, ಆಮೇಲೆ ಪದದ ವಿಚಾರಕ್ಕೆ ಬಂದೆವು. ಹನ್ನೊಂದು ಜನ ವಿಜ್ಞಾನ ಪ್ರಶಿಕ್ಷಣಾರ್ಥಿಗಳಿದ್ದರು. ‘ರಸಾಯನ’ ಎಂಬ ಪದ ಎಲ್ಲಿಂದ ಬಂತು ಎಂದು ಕೇಳಿದರೆ ಯಾರಿಗೂ ಖಚಿತವಿರಲಿಲ್ಲ. ಇದು ಅವರ ಮೇಲಿನ ದೂರಲ್ಲ. ಐದು ವರ್ಷ ರಸಾಯನಶಾಸ್ತ್ರ ಓದಿದರೂ ಆ ಹೆಸರಿನ ಬಗ್ಗೆ ಯಾರೂ ನಮಗೆ ಹೇಳುವುದಿಲ್ಲ.

ರಸ ಎಂದರೆ ಹಣ್ಣಿನ ಸಾರ, ನಾಲಗೆಯ ರುಚಿ, ನಾಟಕದ ನವರಸ. ಅದೇ ರಸ ನಮ್ಮ ಹಳೆಯ ರಸಶಾಸ್ತ್ರದ ಗ್ರಂಥಗಳಲ್ಲಿ ಪಾದರಸ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದರ ಹೆಸರು ರಸಾಯನ. ಮುಪ್ಪನ್ನು ದೂರ ಇಟ್ಟು ದೇಹಕ್ಕೆ ಬಲ ಕೊಡುವ ಚಿಕಿತ್ಸೆ ಅದರ ವಿಷಯ. ಮನೆಯಲ್ಲಿರುವ ಚ್ಯವನಪ್ರಾಶ ಆ ವರ್ಗಕ್ಕೆ ಸೇರಿದ್ದು. ಪಾದರಸವನ್ನು ಕಾಯಿಸಿ, ಗಂಧಕದೊಡನೆ ಅರೆದು, ಭಸ್ಮ ಮಾಡಿ ನೋಡುತ್ತಿದ್ದವರ ಕೆಲಸ ಒಂದು ಕಡೆ ಔಷಧಕ್ಕೂ ಇನ್ನೊಂದು ಕಡೆ ಲೋಹವಿದ್ಯೆಗೂ ಹರಡಿತು. ಪ್ರಫುಲ್ಲಚಂದ್ರ ರಾಯ್ ಅವರು ಈ ಗ್ರಂಥಗಳನ್ನೆಲ್ಲ ಹುಡುಕಿ ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ 1902 ಮತ್ತು 1909ರಲ್ಲಿ ಪ್ರಕಟಿಸಿದರು. ಅವರೇನೂ ಪುಸ್ತಕದ ಕೋಣೆಯಲ್ಲಷ್ಟೇ ಕುಳಿತ ಪಂಡಿತರಲ್ಲ. ಪಾದರಸದ ನೈಟ್ರೈಟ್ ಮೇಲೆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು. ರಸದ ಎರಡೂ ತುದಿಗಳು ಅವರ ಕೈಯಲ್ಲಿದ್ದವು.

ಇಂಗ್ಲಿಷಿನ ‘ಕೆಮಿಸ್ಟ್ರಿ’ ಬಂದದ್ದು ಅರಬ್ಬರ ‘ಅಲ್-ಕೀಮಿಯಾ’ ದಾರಿಯಲ್ಲಿ. ಹಾಗಾಗಿ ಎರಡೂ ಪದಗಳು ಚಿನ್ನ ಮಾಡುವ, ಸಾವನ್ನು ಮುಂದೂಡುವ ಆಸೆಯ ಮನೆಯಲ್ಲೇ ಬೆಳೆದವು. ಇವತ್ತು ಆ ಆಸೆ ಹೋಗಿದೆ, ಹೆಸರು ಉಳಿದಿದೆ. ಬಾಳೆಹಣ್ಣಿನ ರಸಾಯನ ಎಂದ ಹುಡುಗಿ ಬಳಸಿದ್ದು ಈ ಪದದ ಕಿರಿಯ ಅರ್ಥವನ್ನಲ್ಲ. ‘ರಸಾಯನಶಾಸ್ತ್ರ’ವೇ ಅದಕ್ಕಿಂತ ಕಿರಿಯದು.

ಇಷ್ಟು ಮಾತಾದ ಮೇಲೆ ಅದೇ ಪ್ರಶಿಕ್ಷಣಾರ್ಥಿ ‘ಬಿ’ ವಿಭಾಗದಲ್ಲಿ ಅದೇ ಪಾಠವನ್ನು ಮತ್ತೆ ಯೋಜಿಸಿದರು. ಬದಲಾವಣೆ ಬಹಳ ಚಿಕ್ಕದು. ಹಲಗೆಯ ಮೇಲೆ ‘ರಸಾಯನ’, ‘ಕೆಮಿಕಲ್’, ‘ಕೆಮಿಸ್ಟ್ರಿ’ ಎಂದು ಮೂರು ಪದ ಬರೆದು, “ಈ ಪದಗಳನ್ನು ಮನೆಯಲ್ಲಿ, ಅಂಗಡೀಲಿ, ಗದ್ದೇಲಿ, ಟೀವೀಲಿ ಎಲ್ಲೆಲ್ಲಿ ಕೇಳಿದ್ದೀರಿ? ಕೇಳಿದ ಹಾಗೇ ಹೇಳಿ” ಎಂದರು. ಈ ಸಲ ನಗಲು ಯಾರಿಗೂ ಕಾರಣ ಸಿಗಲಿಲ್ಲ, ಏಕೆಂದರೆ ಎಲ್ಲರ ಉತ್ತರವೂ ಒಂದೇ ಜಾತಿಯದು.

ಹೆಚ್ಚು ಸಾಲು ತುಂಬಿದ್ದು ‘ಕೆಮಿಕಲ್’ ಕೆಳಗೆ. ಕೆಮಿಕಲ್ ಹಾಕಿ ಹಣ್ಣು ಮಾಡಿದ ಮಾವು. ಕೆಮಿಕಲ್ ಇಲ್ಲದ ಬೆಲ್ಲ. ಕೂದಲಿಗೆ ಹಚ್ಚುವ ಕೆಮಿಕಲ್. ಕಾರ್ಖಾನೆಯ ಕೆಮಿಕಲ್ ನೀರು. ಒಂದೂ ಒಳ್ಳೆಯ ಅರ್ಥದ್ದಲ್ಲ. ಮಕ್ಕಳ ಕನ್ನಡದಲ್ಲಿ ಕೆಮಿಕಲ್ ಎಂದರೆ ‘ಮನುಷ್ಯ ತಯಾರಿಸಿದ, ಮೈಗೆ ಆಗದ, ಹಾಕಬಾರದಿದ್ದ ವಸ್ತು’. ವಿಜ್ಞಾನದ ಪುಸ್ತಕ ‘ರಾಸಾಯನಿಕ’ ಎಂದಾಗ ಕುಡಿಯುವ ನೀರೂ ಅದರೊಳಗೆ ಬರುತ್ತದೆ. ಈ ಎರಡರ ನಡುವೆ ಇರುವ ಕಂದಕವನ್ನು ಒಂದು ವಾಕ್ಯದ ವ್ಯಾಖ್ಯೆ ಮುಚ್ಚುವುದಿಲ್ಲ. ಮಗು ಪರೀಕ್ಷೆಯಲ್ಲಿ ‘ನೀರು ಒಂದು ರಾಸಾಯನಿಕ’ ಎಂದು ಬರೆದು, ಮನೆಗೆ ಹೋಗಿ ‘ಕೆಮಿಕಲ್ ಇಲ್ಲದ ನೀರು’ ಕುಡಿಯುತ್ತದೆ. ಎರಡು ಜ್ಞಾನ ಎರಡು ಗೂಡಿನಲ್ಲಿ ತಣ್ಣಗಿರುತ್ತವೆ.

ಇಲ್ಲಿ ಪ್ರಶಿಕ್ಷಣಾರ್ಥಿ ಒಂದು ಒಳ್ಳೆಯ ಕೆಲಸ ಮಾಡಿದರು. “ನೀವು ಹೇಳಿದ್ದು ತಪ್ಪು, ಎಲ್ಲವೂ ಕೆಮಿಕಲ್ಲೇ” ಎಂದು ಭಾಷಣ ಬಿಗಿಯಲಿಲ್ಲ. ಬೆಲ್ಲವನ್ನು ಹಿಡಿದುಕೊಂಡರು. ಆ ಶಾಲೆಯ ಮಕ್ಕಳಿಗೆ ಆಲೆಮನೆ ಅಂಗಳದ ಮಾತು. “ಕೆಮಿಕಲ್ ಇಲ್ಲದ ಬೆಲ್ಲ ಹೇಗೆ ಮಾಡ್ತಾರೆ?” ಎಂದದ್ದೇ ತಡ, ಉತ್ತರಗಳು ಸಾಲುಗಟ್ಟಿದವು. ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆಗಿಡದ ಲೋಳೆ ಹಾಕಿ ಮೇಲೆ ಬಂದ ಮಡ್ಡಿ ತೆಗೆಯುತ್ತಾರೆ. ಬಣ್ಣ ಬರಲು ಹೈಡ್ರೋಸ್ ಹಾಕುವವರೂ ಇದ್ದಾರೆ, ಅದು ಹಾಕಿದರೆ ಕೆಮಿಕಲ್ ಬೆಲ್ಲ. “ಹಾಗಾದ್ರೆ ಸುಣ್ಣ?” ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ತರಗತಿ ಎರಡು ಭಾಗವಾಯಿತು. ಸುಣ್ಣ ಎಲೆ ಅಡಿಕೆ ಜೊತೆ ಅಜ್ಜಿ ತಿನ್ನುವುದು, ಅದು ಕೆಮಿಕಲ್ ಹೇಗಾದೀತು ಎಂದು ಕೆಲವರು. ಕಲ್ಲನ್ನು ಗೂಡಿನಲ್ಲಿ ಸುಟ್ಟು ಮಾಡುವುದು, ನೀರು ಬಿದ್ದರೆ ಕುದಿಯುವಷ್ಟು ಬಿಸಿಯಾಗುವುದು, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುವುದು, ಅದು ಕೆಮಿಕಲ್ ಅಲ್ಲದೆ ಇನ್ನೇನು ಎಂದು ಉಳಿದವರು.

ಪಾಠ ಗೆದ್ದದ್ದು ಇಲ್ಲೇ ಎಂದು ನನ್ನ ಎಣಿಕೆ. ‘ಕೆಮಿಕಲ್ ಹೌದೋ ಅಲ್ಲವೋ’ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಮಕ್ಕಳು ತಾವಾಗಿಯೇ ‘ಯಾವ ವಸ್ತು, ಎಷ್ಟು, ಎಲ್ಲಿಗೆ, ಏನಾಗುತ್ತದೆ’ ಎಂಬ ಪ್ರಶ್ನೆಗೆ ಜಾರಿದರು. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣವನ್ನು ತಿಳಿ ಮಾಡುತ್ತದೆ, ಗಂಧಕದ ಡೈಆಕ್ಸೈಡಿನ ಶೇಷ ಬೆಲ್ಲದಲ್ಲಿ ಉಳಿಯಬಹುದು, ಅದರ ಪ್ರಮಾಣವೇ ತಕರಾರಿನ ವಿಷಯ. ಸುಣ್ಣ ಹಾಲಿನ ಹುಳಿಯನ್ನು ತಗ್ಗಿಸುತ್ತದೆ. ಎರಡೂ ರಾಸಾಯನಿಕಗಳೇ, ಎರಡರ ಲೆಕ್ಕ ಬೇರೆ ಬೇರೆ. ಪಠ್ಯದ ಸುಟ್ಟ ಸುಣ್ಣ, ಅರಳಿದ ಸುಣ್ಣ ಎಂಬ ಹೆಸರುಗಳು ಆಗ ಬಾಯಿಪಾಠದ ಪದಗಳಾಗಿ ಉಳಿಯಲಿಲ್ಲ. ಅರಿಶಿನಕ್ಕೆ ಸುಣ್ಣ ಕಲಸಿದ ಆರತಿಯ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುವುದನ್ನು ಒಂದು ಲೋಟದಲ್ಲಿ ತೋರಿಸಿ, ಆಮ್ಲ ಪ್ರತ್ಯಾಮ್ಲದ ಮುಂದಿನ ಘಟಕಕ್ಕೂ ಒಂದು ಬೀಜ ಬಿತ್ತಿದರು.

ಪ್ರಶಿಕ್ಷಣಾರ್ಥಿಯ ಯೋಜನೆಯಲ್ಲಿ ಇಲ್ಲದ, ಆದರೆ ನನ್ನ ಮಟ್ಟಿಗೆ ಆ ದಿನದ ಬಹಳ ಮುಖ್ಯ ಸಂಗತಿ ಇನ್ನೊಂದಿದೆ. ‘ಕೆಮಿಕಲ್’ ಪಟ್ಟಿಯಲ್ಲಿ ಕೀಟನಾಶಕ ಬರಲೇ ಇಲ್ಲ! ಗದ್ದೆ ತೋಟದ ಮಕ್ಕಳು ಅದನ್ನು ಹೇಗೆ ಬಿಟ್ಟರು ಎಂದು ನಾನೇ ಕೊನೆಯಲ್ಲಿ ಕೇಳಿದೆ. “ಅದು ಔಷ್ದಿ ಮೇಡಂ” ಎಂದ ಒಬ್ಬ. ಹೌದು, ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವುದು ಔಷಧಿ. ಜ್ವರಕ್ಕೆ ಕುಡಿಯುವುದೂ ಔಷಧಿ. ಬೆಲ್ಲದೊಳಗಿನ ಚಿಟಿಕೆ ಪುಡಿಗೆ ‘ಕೆಮಿಕಲ್’ ಎಂಬ ಭಯದ ಹೆಸರು, ಒಂದೇ ಗುಟುಕಿಗೆ ಜೀವ ತೆಗೆಯಬಲ್ಲ ದ್ರವಕ್ಕೆ ‘ಔಷಧಿ’ ಎಂಬ ಅಕ್ಕರೆಯ ಹೆಸರು. ಉಳಿದ ಕೀಟನಾಶಕವನ್ನು ಹಳೆಯ ತಂಪುಪಾನೀಯದ ಬಾಟಲಿಗೆ ಸುರಿದು ಅಟ್ಟದ ಮೇಲೆ ಇಡುವ ಮನೆಗಳಿವೆ. ಅಂಥ ಮನೆಯಲ್ಲಿ ಪದದ ಅರ್ಥ ಗೊತ್ತಿರುವುದು ಪರೀಕ್ಷೆಯ ಅಂಕದ ಮಾತಲ್ಲ.

ಅದೇ ಸಾಲಿಗೆ ಸೇರುವ ಇನ್ನೊಂದು ವಿಷಯವನ್ನು ಪ್ರಶಿಕ್ಷಣಾರ್ಥಿಗಳು ಯಾವ ಶಾಲೆಗೆ ಹೋದರೂ ಹೇಳಲೇಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ‘ಕ್ಲೀನ್ ಮಾಡೋದು’, ಬ್ಲೀಚಿಂಗ್ ಪೌಡರ್ ಕೂಡ ‘ಕ್ಲೀನ್ ಮಾಡೋದು’. ಎರಡೂ ಸೇರಿಸಿದರೆ ಇನ್ನೂ ಚೆನ್ನಾಗಿ ಕ್ಲೀನ್ ಆಗಬೇಕಲ್ಲ ಎಂಬುದು ಬಳಕೆಯ ಮಾತಿನ ತರ್ಕ. ಆದರೆ ಎರಡೂ ಸೇರಿದರೆ ಹೊರಬರುವುದು ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ವಸ್ತುವಿಗೆ ಅದರ ಕೆಲಸದ ಹೆಸರು ಬೇರೆ, ಅದರ ರಾಸಾಯನಿಕ ಹೆಸರು ಬೇರೆ ಎಂದು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚಿಲ್ಲ. ಇದನ್ನು ಮಾತಿನಲ್ಲಿ ಹೇಳಬೇಕು, ಪ್ರಾತ್ಯಕ್ಷಿಕೆ ಮಾಡಬಾರದು.

ಇನ್ನು ‘ಕೆಮಿಸ್ಟ್ರಿ’. ಸಿನಿಮಾ ವಿಮರ್ಶೆಯಲ್ಲಿ, ಟೀವಿಯ ಮಾತಿನಲ್ಲಿ ಜೋಡಿಯ ಕೆಮಿಸ್ಟ್ರಿ ಚೆನ್ನಾಗಿದೆ ಎನ್ನುತ್ತಾರೆ. ಯಾರೂ ‘ಅವರಿಬ್ಬರ ರಸಾಯನಶಾಸ್ತ್ರ ಚೆನ್ನಾಗಿದೆ’ ಎನ್ನುವುದಿಲ್ಲ. ಹಾಗೆಂದರೆ ಇಬ್ಬರೂ ಪರೀಕ್ಷೆಯಲ್ಲಿ ಪಾಸಾದರು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಒಂದೇ ಪದ ಹೊರುವ ಎರಡು ಅರ್ಥಗಳನ್ನು ಕನ್ನಡ ಎರಡು ಪದಗಳಿಗೆ ಹಂಚಿಬಿಟ್ಟಿದೆ. ಪಿಯುಸಿಗೆ ಹೋದ ಮೇಲೆ ವಿಷಯದ ಹೆಸರೂ ‘ಕೆಮಿಸ್ಟ್ರಿ’ ಆಗುವುದರಿಂದ ಈ ಹಂಚಿಕೆ ಅಷ್ಟು ಗಟ್ಟಿಯಲ್ಲ, ಔಷಧದ ಅಂಗಡಿಯ ಫಲಕದ ಮೇಲಿನ ‘ಕೆಮಿಸ್ಟ್’ ಬೇರೆ ಇದೆ. ಆದರೂ ಮಕ್ಕಳ ಕಿವಿಗೆ ವ್ಯತ್ಯಾಸ ಗೊತ್ತು.

ಈ ರೂಪಕ ಸಿನಿಮಾದವರದಲ್ಲ ಎಂಬುದನ್ನು ಶಿಕ್ಷಕರು ತಿಳಿದಿರುವುದು ಒಳ್ಳೆಯದು. ಹದಿನೆಂಟನೇ ಶತಮಾನದಲ್ಲಿ ಒಂದು ವಸ್ತು ಇನ್ನೊಂದನ್ನು ಬಿಟ್ಟು ಮೂರನೆಯದರ ಜೊತೆ ಏಕೆ ಸೇರುತ್ತದೆ ಎಂಬುದು ರಸಾಯನಜ್ಞರ ದೊಡ್ಡ ಪ್ರಶ್ನೆಯಾಗಿತ್ತು. 1718ರಲ್ಲಿ ಫ್ರಾನ್ಸಿನ ಜೆಫ್ರಾಯ್ ಯಾವುದು ಯಾವುದರ ಜೊತೆ ಹೆಚ್ಚು ಬಿಗಿಯಾಗಿ ಸೇರುತ್ತದೆ ಎಂದು ಒಂದು ಪಟ್ಟಿಯನ್ನೇ ಮಾಡಿದ. 1775ರಲ್ಲಿ ಸ್ವೀಡನ್ನಿನ ಬರ್ಗ್‌ಮನ್ ಅದನ್ನು ಬಹಳ ವಿಸ್ತರಿಸಿದ. ಈ ಸೆಳೆತಕ್ಕೆ ಯುರೋಪಿನವರು ಬಳಸಿದ ‘ಅಫಿನಿಟಿ’ ಎಂಬ ಪದದ ಮೂಲಾರ್ಥ ಮದುವೆಯಿಂದ ಬಂದ ನೆಂಟಸ್ತಿಕೆ, ನಮ್ಮ ಮಾತಿನಲ್ಲಿ ಬೀಗತನ. ಮನುಷ್ಯರ ನೆಂಟಸ್ತಿಕೆಯ ಪದ ಹೀಗೆ ವಸ್ತುಗಳಿಗೆ ಹೋಯಿತು. 1809ರಲ್ಲಿ ಜರ್ಮನ್ ಕವಿ ಗಯಟೆ ಅದನ್ನು ಮತ್ತೆ ಮನುಷ್ಯರ ಬಳಿಗೆ ತಂದ. ಬರ್ಗ್‌ಮನ್ನನ ಪಾರಿಭಾಷಿಕ ಪದವನ್ನೇ ಹೆಸರಾಗಿಟ್ಟುಕೊಂಡ ಅವನ ಕಾದಂಬರಿಯಲ್ಲಿ ಗಂಡ ಹೆಂಡತಿಯ ಮನೆಗೆ ಇಬ್ಬರು ಬರುತ್ತಾರೆ, ಮನಸ್ಸುಗಳು ಜೋಡಿ ಬದಲಿಸುತ್ತವೆ. ಅದಕ್ಕೂ ಮುಂಚೆ ಅವರೇ ಕುಳಿತು ಸುಣ್ಣದ ಕಲ್ಲಿಗೆ ಗಂಧಕಾಮ್ಲ ಬಿದ್ದರೆ ಜಿಪ್ಸಂ ಆಗಿ ಅನಿಲ ಹಾರಿಹೋಗುವುದರ ಬಗ್ಗೆ ಮಾತಾಡುತ್ತಾರೆ. ಹತ್ತನೇ ತರಗತಿಯ ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಕ್ರಿಯೆಗಳ ಅಂಚಿನಲ್ಲೇ ಇದೆ ಈ ಮಾತು.

ಇದನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ರೂಪಕ ಎಲ್ಲಿಯವರೆಗೆ ಜೊತೆಗೆ ಬರುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ನಮಗೆ ಗೊತ್ತಿರಬೇಕು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟಾಗ ‘ಕಬ್ಬಿಣ ತಾಮ್ರವನ್ನು ಓಡಿಸಿ ತಾನು ಕೂತ್ಕೊಂಡ್ತು’ ಎಂದು ಮಗು ಬರೆದರೆ ನಾನು ಅಂಕ ಕಳೆಯುವುದಿಲ್ಲ, ನಡೆದದ್ದರ ಕ್ರಮ ಸರಿಯಾಗಿದೆ. ‘ಪರಮಾಣು ಎಲೆಕ್ಟ್ರಾನನ್ನು ಇಷ್ಟಪಡುತ್ತದೆ’ ಎಂದು ಶಿಕ್ಷಕರೇ ದಿನವೂ ಹೇಳುತ್ತಿದ್ದರೆ ಮಾತ್ರ, ಇಷ್ಟಪಡುವುದೇ ಕಾರಣ ಎಂದು ಮಗು ನಂಬಿ ಅಲ್ಲಿಗೇ ನಿಲ್ಲುತ್ತದೆ.

‘ಬಿ’ ವಿಭಾಗದಲ್ಲಿ ಪ್ರಶಿಕ್ಷಣಾರ್ಥಿ ಇದನ್ನು ಉಪ್ಪಿನ ಉದಾಹರಣೆಯಿಂದ ತಂದರು. ಸೋಡಿಯಂ ನೀರು ಸೋಕಿದರೆ ಹೊತ್ತಿಕೊಳ್ಳುವ ಮೆತ್ತನೆಯ ಲೋಹ, ಕ್ಲೋರಿನ್ ವಿಷಾನಿಲ, ಎರಡೂ ಸೇರಿದರೆ ಸಾರಿಗೆ ಹಾಕುವ ಉಪ್ಪು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಅಂಗಾದ್ರೆ ಸಾರ್, ಹೀರೋ ಹೀರೋಯಿನ್ ಕೆಮಿಸ್ಟ್ರಿ ನಿಜವಾಗ್ಲೂ ಚೆನ್ನಾಗಿದ್ರೆ, ಇಬ್ರೂ ಹೋಗಿ ಬೇರೆ ಇನ್ಯಾರೋ ಒಬ್ರು ಬರ್ಬೇಕಲ್ವಾ?” ಈ ನಗು ಮೊದಲ ದಿನದ ನಗುವಲ್ಲ. ರಾಸಾಯನಿಕ ಬದಲಾವಣೆಯಲ್ಲಿ ಹಳೆಯ ವಸ್ತುವಿನ ಗುಣ ಉಳಿಯುವುದಿಲ್ಲ, ಹೊಸ ವಸ್ತು ಉಂಟಾಗುತ್ತದೆ ಎಂಬ ವಾಕ್ಯವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಉತ್ತರವನ್ನು ನಾನು ಮೌಲ್ಯಮಾಪನ ಕೇಂದ್ರಗಳಲ್ಲೂ ಹೆಚ್ಚಾಗಿ ಕಂಡಿಲ್ಲ.

ಪದದ ಈ ತೊಡಕು ಹೆಸರಿಗಷ್ಟೇ ನಿಲ್ಲುವುದಿಲ್ಲ. ‘ಕರಗು’ ಎಂಬ ಕ್ರಿಯಾಪದವನ್ನೇ ನೋಡಿ. ಬಿಸಿ ಅನ್ನದ ಮೇಲೆ ತುಪ್ಪ ಕರಗುತ್ತದೆ, ಟೀಯಲ್ಲಿ ಸಕ್ಕರೆಯೂ ಕರಗುತ್ತದೆ. ಒಂದು ದ್ರವಿಸುವುದು, ಇನ್ನೊಂದು ವಿಲೀನವಾಗುವುದು. ‘ಕರಗುವ ಬಿಂದು’ ಎಂದು ಬರೆದ ಮಗುವಿಗೆ ಸಕ್ಕರೆ ನೀರಿನಲ್ಲಿ ಕರಗಿದ ಬಿಂದು ನೆನಪಾದರೆ ಅದು ಮಗುವಿನ ದಡ್ಡತನವಲ್ಲ. ಒಂದು ಚಮಚ ಸಕ್ಕರೆಯನ್ನು ಒಣ ಬಾಣಲೆಗೂ ಇನ್ನೊಂದನ್ನು ಸ್ವಲ್ಪ ನೀರಿಗೂ ಹಾಕಿ ತೋರಿಸಿದರೆ ಸಾಕು. ಬಾಣಲೆಯದು ದ್ರವವಾಗಿ, ಕಂದು ತಿರುಗಿ, ಬೇರೆಯೇ ವಾಸನೆ ಬರುತ್ತದೆ. ಅದು ಮತ್ತೆ ಸಕ್ಕರೆ ಆಗುವುದಿಲ್ಲ. ನೀರಿನದನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಸಕ್ಕರೆ ವಾಪಸ್ ಸಿಗುತ್ತದೆ.

‘ಆಮ್ಲಜನಕ’ದಲ್ಲಿ ತಪ್ಪು ಬಳಕೆಯ ಮಾತಿನದಲ್ಲ, ವಿಜ್ಞಾನದ್ದೇ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲ ಎಂದು ನಂಬಿ ಲಾವಾಸಿಯೇ ಅದಕ್ಕೆ ‘ಆಮ್ಲ ಹುಟ್ಟಿಸುವುದು’ ಎಂಬ ಅರ್ಥದ ಗ್ರೀಕ್ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಕ್ಲೋರಿನ್ ಒಂದು ಧಾತು ಎಂದು ಹಂಫ್ರಿ ಡೇವಿ 1810ರಲ್ಲಿ ಸಾರಿದ ಮೇಲೆ ಲಾವಾಸಿಯೇಯ ನಂಬಿಕೆ ಬಿತ್ತು. ಹೆಸರು ಮಾತ್ರ ಬೀಳಲಿಲ್ಲ. ಇಂಗ್ಲಿಷ್ ಮಗುವಿಗೆ ‘ಆಕ್ಸಿಜನ್’ ಒಳಗಿನ ಗ್ರೀಕ್ ಕೇಳಿಸುವುದಿಲ್ಲ, ನಮ್ಮ ಮಗುವಿಗೆ ‘ಆಮ್ಲಜನಕ’ದ ಒಳಗಿನ ಕನ್ನಡ ಚೆನ್ನಾಗಿ ಕೇಳಿಸುತ್ತದೆ. ಆಮ್ಲದ ಪಾಠದಲ್ಲಿ ಜಾಣ ಮಗುವೊಂದು ಈ ಆಮ್ಲದಲ್ಲಿ ಆಮ್ಲಜನಕ ಎಲ್ಲಿದೆ ಎಂದು ಕೇಳಿಯೇ ಕೇಳುತ್ತದೆ. ಆಗ ‘ಅದೆಲ್ಲ ಈಗ ಬೇಡ’ ಎನ್ನದೆ, ಹೆಸರಿಟ್ಟವನು ತಪ್ಪಿದ ಎಂದು ಹೇಳಿ. ಮಕ್ಕಳಿಗೆ ಬಹಳ ಖುಷಿಯಾಗುತ್ತದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ‘ಬಿ’ ವಿಭಾಗದ ಪಾಠ ಯೋಜನೆಯ ಅರ್ಧದಷ್ಟೇ ಮುಗಿಯಿತು, ಸಮೀಕರಣ ಸರಿದೂಗಿಸುವುದು ಮರುದಿನಕ್ಕೆ ಹೋಯಿತು. ಪ್ರತಿ ಘಟಕಕ್ಕೂ ಹೀಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಘಟಕದ ಪಾರಿಭಾಷಿಕ ಪದಗಳಲ್ಲಿ ಮನೆಯಲ್ಲೂ ಬಳಕೆಯಲ್ಲಿರುವ ಒಂದೆರಡನ್ನು ಗುರುತಿಸಿ, ಹತ್ತು ನಿಮಿಷ ಕೊಟ್ಟರೆ ಸಾಕೆಂದು ತೋರುತ್ತದೆ. ಪಾಠ ಯೋಜನೆಯ ‘ನಿರೀಕ್ಷಿತ ಉತ್ತರ’ ಅಂಕಣದಲ್ಲಿ ಪುಸ್ತಕದ ಉತ್ತರದ ಕೆಳಗೆ ಮನೆಯಿಂದ ಬರಬಹುದಾದ ಉತ್ತರವನ್ನೂ ಬರೆಯಿರಿ ಎಂದು ಈ ವರ್ಷದಿಂದ ನಾನು ಕೇಳುತ್ತಿದ್ದೇನೆ. ಅದನ್ನು ಬರೆಯಲು ಪ್ರಶಿಕ್ಷಣಾರ್ಥಿ ತಾನು ಹೋಗುವ ಊರಿನ ಮಾತಿಗೆ ಕಿವಿ ಕೊಡಬೇಕಾಗುತ್ತದೆ.

‘ಎ’ ವಿಭಾಗಕ್ಕೆ ಪ್ರಶಿಕ್ಷಣಾರ್ಥಿ ಆ ವಾರದ ಕೊನೆಯಲ್ಲಿ ಮತ್ತೆ ಹೋದರು. ಕಿಟಕಿ ಪಕ್ಕದ ಹುಡುಗಿಯ ಹತ್ತಿರ, “ಅವತ್ತು ನಾನು ಕೇಳಿದ ಪ್ರಶ್ನೆಗೆ ನೀನು ಕೊಟ್ಟದ್ದೇ ಸರಿಯಾದ ಉತ್ತರ ಕಣಮ್ಮ. ನಾನು ಕೇಳಬೇಕಾಗಿದ್ದು ಬೇರೆ” ಎಂದು ತರಗತಿಯ ಎದುರೇ ಹೇಳಿ, ಬಾಳೆಹಣ್ಣಿನ ರಸಾಯನದಲ್ಲಿ ರಾಸಾಯನಿಕ ಕ್ರಿಯೆ ನಡೆಯುತ್ತದೆಯೇ ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಲ್ಲ ಕರಗ್ತದೆ, ಅಷ್ಟೇ ಸಾರ್. ಬಾಳೆಹಣ್ಣು ಬಾಳೆಹಣ್ಣೇ ಇರ್ತದೆ” ಎಂದಳು. ಅಂದರೆ ಮಿಶ್ರಣ. ಅಲ್ಲಿಗೆ ಮುಗಿಯಬೇಕಿತ್ತು. ಕೂರುವ ಮುಂಚೆ ಅವಳೇ ಕೇಳಿದಳು: “ಆದ್ರೆ ಸಾಯಂಕಾಲಕ್ಕೆ ಕಪ್ಪಗಾಯ್ತದಲ್ಲ, ಅದು?”

ಪ್ರಶಿಕ್ಷಣಾರ್ಥಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಳೆ ನೋಡೋಣ ಎಂದು ಬಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳಿದರು. ಹೆಚ್ಚಿದ ಹಣ್ಣಿನ ಜೀವಕೋಶ ಒಡೆದಾಗ ಅದರೊಳಗಿನ ಕಿಣ್ವ ಗಾಳಿಯ ಆಕ್ಸಿಜನ್ ಜೊತೆ ಸೇರಿ ಫೀನಾಲ್ ವರ್ಗದ ವಸ್ತುಗಳನ್ನು ಉತ್ಕರ್ಷಿಸುತ್ತದೆ, ಕಂದು ಬಣ್ಣ ಬರುತ್ತದೆ. ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಮರುದಿನ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ಬಾಳೆಹಣ್ಣನ್ನು ಹೆಚ್ಚಿ ಎರಡು ತಟ್ಟೆಯಲ್ಲಿಟ್ಟು, ಒಂದಕ್ಕೆ ನಿಂಬೆರಸ ಸವರಿ, ತರಗತಿಯ ಕಿಟಕಿಯ ಮೇಲೆ ಇಟ್ಟರು. ಕಾವಲಿಗೆ ನಿಂತವಳು ಅವಳೇ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಒಂದು ತಟ್ಟೆ ಕಪ್ಪಾಗಿತ್ತು, ನಿಂಬೆರಸದ್ದು ಹೆಚ್ಚುಕಡಿಮೆ ಬೆಳಿಗ್ಗೆ ಇದ್ದ ಹಾಗೇ ಇತ್ತು.